ಹಳೇ ಪ್ಲೇನಿಂಗ್ ಮಷಿನ್‌ಗೆ ಸ್ಪೇರ್ ಸಿಗುತ್ತಾ? ಹೆಸರು ಬಿಡಿ, ಅಳತೆ ಹಿಡಿಯಿರಿ

ಪ್ರಶ್ನೆ: ಸಾರ್, ಪಾಂಡವಪುರದ ಹತ್ತಿರ ನಮ್ಮದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಮರ ಹೆರೆಯೋ 12 ಇಂಚಿನ ಪ್ಲೇನಿಂಗ್ ಮಷಿನ್, ಮೇಲೆ ಮರದ ಮುಖ ಮಟ್ಟ ಮಾಡೋ ಸರ್ಫೇಸ್, ಕೆಳಗೆ ಒಂದೇ ದಪ್ಪಕ್ಕೆ ತರೋ ಥಿಕ್ನೆಸ್. ನಮ್ಮ ತಂದೆ 1983ರಲ್ಲಿ ಮೈಸೂರಿನ ಒಂದು ಸಾಮಿಲ್ ಮುಚ್ಚಿದಾಗ ಸೆಕೆಂಡ್ ಹ್ಯಾಂಡ್ ತಂದದ್ದು. ಪ್ಲೇಟಿನ ಮೇಲೆ ಬಟಾಲಾ ಅನ್ನೋದು ಬಿಟ್ಟರೆ ಬೇರೇನೂ ಓದೋಕಾಗಲ್ಲ. ಎರಡು ತಿಂಗಳ ಹಿಂದೆ ಥಿಕ್ನೆಸ್ ಕಡೆ ಮರ ಎಳೆಯೋದು ನಿಂತಿತು. ಬಿಚ್ಚಿ ನೋಡಿದರೆ ಬೀಡಿನ (ಎರಕದ ಕಬ್ಬಿಣದ) ಗೇರ್‌ನಲ್ಲಿ ಎರಡು ಹಲ್ಲು ಹೋಗಿವೆ. ಬ್ಲೇಡ್ ಹಿಡಿದು ಸುತ್ತೋ ಬ್ಲಾಕ್‌ನ ಒಂದು ಕಡೆ ಬೇರಿಂಗ್ ಕೂಡ ಕಿರ್ ಅಂತಿದೆ. ಅಂಗಡಿಯಲ್ಲಿ 6205 ನಂಬರಿನ ಬೇರಿಂಗ್ ಕೊಟ್ಟರು, ಶಾಫ್ಟ್‌ಗೆ ಹತ್ತಲಿಲ್ಲ. ಲೇತ್‌ನವರು 'ಶಾಫ್ಟನ್ನೇ ಸ್ವಲ್ಪ ಇಳಿಸಿ ಕೊಡ್ತೀನಿ' ಅಂತಾರೆ. ವೆಲ್ಡಿಂಗ್‌ನವರು 'ಹಲ್ಲು ತುಂಬಿಸಿ ಕೊಡ್ತೀನಿ' ಅಂತಾರೆ. ಇನ್ನೊಬ್ಬರು, ಮೋಟರೂ ಹಳೇದು, ನಿಮಿಷಕ್ಕೆ 2880 ಸುತ್ತಿನ ಹೊಸ ಮೋಟರ್ ಹಾಕಿ, ಫಿನಿಶಿಂಗ್ ಚೆನ್ನಾಗಿ ಬರುತ್ತೆ ಅಂತಾರೆ. ನಮ್ಮ ಮಾಮೂಲಿ ಮೆಕ್ಯಾನಿಕ್ ಮಾತ್ರ 'ಇದರ ಸ್ಪೇರ್ ಎಲ್ಲೂ ಸಿಗಲ್ಲ, ಗುಜರಿಗೆ ಹಾಕಿ' ಅಂದುಬಿಟ್ಟರು. ಹೊಸದಕ್ಕೆ ಲಕ್ಷದ ಮೇಲೆ ಹೇಳ್ತಿದ್ದಾರೆ. ಅಪ್ಪಾಜಿ ಈಗಲೂ ದಿನಾ ಬಂದು ಆ ಮಷಿನ್ ಟೇಬಲ್ ಒರೆಸಿ ಹೋಗ್ತಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ನಾಲ್ಕು ಜನ ನಾಲ್ಕು ಸಲಹೆ ಕೊಟ್ಟಿದ್ದಾರೆ. ಅದರಲ್ಲಿ ಎರಡು ಅಪಾಯದ್ದು, ಒಂದು ಅವಸರದ್ದು, ಇನ್ನೊಂದು ತಾತ್ಕಾಲಿಕಕ್ಕೆ ಆಗಬಹುದಾದದ್ದು. ಯಾವುದು ಯಾವುದು ಅಂತ ಒಂದೊಂದಾಗಿ ಹೇಳುತ್ತೇನೆ. ಮೂವತ್ತು ವರ್ಷದಿಂದ ಮೈಸೂರು, ಮಂಡ್ಯ ಸುತ್ತಮುತ್ತ ಇಂಥ ಮಷಿನ್‌ಗಳನ್ನೇ ಬಿಚ್ಚಿ ಕಟ್ಟುತ್ತಿದ್ದೇನೆ. ನೀವು ಬರೆದ ತೊಂದರೆಗಳಲ್ಲಿ ಯಾವುದೂ ಮಷಿನ್ ಸತ್ತಿದೆ ಅನ್ನೋ ಲಕ್ಷಣವಲ್ಲ.

ಮೊದಲು 'ಸ್ಪೇರ್ ಎಲ್ಲೂ ಸಿಗಲ್ಲ' ಅನ್ನುವ ಅವಸರದ ಮಾತು. ಅಂಗಡಿಗೆ ಹೋಗಿ 'ಬಟಾಲಾ ಪ್ಲೇನಿಂಗ್ ಮಷಿನ್ ಗೇರ್ ಕೊಡಿ' ಅಂತ ಕೇಳಿದರೆ ಖಂಡಿತ ಸಿಗಲ್ಲ. ಆ ಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ. ಆದರೆ ಆ ಮಷಿನ್ ಹೊಸದಾಗಿದ್ದಾಗಲೂ ಆ ಥರ ಸಿಗುತ್ತಿರಲಿಲ್ಲ. ಪಂಜಾಬಿನ ಬಟಾಲಾ, ಲೂಧಿಯಾನಾ ಕಡೆಯ ಸಣ್ಣ ಕಾರ್ಖಾನೆಗಳು ಇಂಗ್ಲೆಂಡಿನ ಮಷಿನ್‌ಗಳನ್ನು ನೋಡಿಕೊಂಡು ತಮ್ಮ ಎರಕ, ತಮ್ಮ ಫಿಟ್ಟಿಂಗ್‌ನಲ್ಲಿ ಮಾಡಿ ಕಳಿಸುತ್ತಿದ್ದವು. ಒಂದೇ ಹೆಸರಿನ ಎರಡು ಮಷಿನ್‌ಗಳನ್ನು ಅಕ್ಕಪಕ್ಕ ಇಟ್ಟು ನಾನು ಅಳೆದಿದ್ದೇನೆ. ಬ್ರಾಕೆಟ್‌ನ ತೂತುಗಳು ಎರಡರಲ್ಲಿ ಎರಡು ಥರ. ಒಂದರ ಭಾಗ ಇನ್ನೊಂದಕ್ಕೆ ಅರ ಹಾಕದೆ ಕೂರುವುದಿಲ್ಲ. ಹಾಗಾಗಿ ಹೆಸರು ಹಿಡಿದು ಹುಡುಕುವುದನ್ನು ಇವತ್ತೇ ಬಿಟ್ಟುಬಿಡಿ.

ನಿಮ್ಮ ಮಷಿನ್ ಅನ್ನುವುದು ಒಂದು ಬೀಡಿನ ಮೈ, ಎರಡು ಬೇರಿಂಗ್, ನಾಲ್ಕೈದು ಗೇರ್, ಬೆಲ್ಟ್, ಪುಲ್ಲಿ, ಒಂದಷ್ಟು ಬೋಲ್ಟು, ಸ್ಪ್ರಿಂಗು, ಒಂದು ಮೋಟರ್. ಮೈ ಮತ್ತು ಬ್ಲಾಕ್ ಬಿಟ್ಟರೆ ಮಿಕ್ಕಿದ್ದೆಲ್ಲ ಯಾವುದೋ ಒಂದು ಸ್ಟ್ಯಾಂಡರ್ಡ್ ಅಳತೆಗೆ ಮಾಡಿದ್ದು. ಆ ಅಳತೆ ಇವತ್ತಿಗೂ ಬದುಕಿದೆ. ಅಂಗಡಿಯಲ್ಲಿ ಅಳತೆ ಹೇಳಿ ಕೇಳಿದರೆ ಸಿಗುತ್ತೆ, ಅಥವಾ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ.

ಗೊಂದಲ ಎಲ್ಲ ಶುರುವಾಗುವುದು ಇಂಚು, ಮಿಲಿಮೀಟರ್ ಜಗಳದಿಂದ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಆದರೆ ಕಾಯ್ದೆ ಬಂತು ಅಂತ ಫೌಂಡ್ರಿಯಲ್ಲಿದ್ದ ಅಚ್ಚು ಬದಲಾಗುತ್ತಾ? ಇಂಗ್ಲಿಷ್ ಮಷಿನ್ ನೋಡಿ ಮಾಡಿದ ಅಚ್ಚುಗಳಲ್ಲೇ ಆಮೇಲೂ ಎಷ್ಟೋ ವರ್ಷ ಎರಕ ಹೊಯ್ದರು. ಹಾಗಾಗಿ 1970ರ ದಶಕದ ಮಷಿನ್ ಆದರೂ ಒಳಗೆಲ್ಲ ಇಂಚಿನ ಲೆಕ್ಕವೇ ಇರಬಹುದು. ನಿಮ್ಮ 6205 ಶಾಫ್ಟ್‌ಗೆ ಹತ್ತದೇ ಇದ್ದದ್ದಕ್ಕೆ ಕಾರಣ ಬಹುಪಾಲು ಇದೇ.

ಬೇರಿಂಗ್ ನಂಬರ್ ಓದುವುದು ಸುಲಭ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಐದರಿಂದ ಗುಣಿಸಿ, ಒಳತೂತಿನ ಅಳತೆ ಮಿ.ಮೀ.ನಲ್ಲಿ ಬರುತ್ತೆ. 6205 ಅಂದರೆ ಒಳಗೆ 25, ಹೊರಗೆ 52, ದಪ್ಪ 15. ನಿಮ್ಮ ಶಾಫ್ಟ್ ಒಂದಿಂಚಿನದಾದರೆ 25.4 ಇರುತ್ತೆ. 0.4 ಮಿ.ಮೀ. ತಾನೇ ಅನ್ನಿಸಬಹುದು. ಆದರೆ ಬೇರಿಂಗ್ ಕೂರಿಸುವ ಲೆಕ್ಕ ಮಿ.ಮೀ.ನ ನೂರನೇ ಭಾಗದಲ್ಲಿ ನಡೆಯುವಂಥದ್ದು. ಅಲ್ಲಿ 0.4 ಅಂದರೆ ಬೆಟ್ಟದಷ್ಟು. ಇನ್ನೊಂದು ಕೇಳುತ್ತೇನೆ. ಆ 6205 ಅನ್ನು ಹೌಸಿಂಗ್, ಅಂದರೆ ಬೇರಿಂಗ್ ಕೂರುವ ಗೂಡಿನ ಒಳಗೆ ಇಟ್ಟು ನೋಡಿದಿರಾ? ಅಲ್ಲಿ ಅದು ಲೊಡಲೊಡ ಅಂದರೆ ನಿಮ್ಮದು ಇಂಚಿನ ಬೇರಿಂಗ್ ಅನ್ನುವುದು ಹೆಚ್ಚುಕಡಿಮೆ ಖಾತ್ರಿ. ಹಳೇ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ವರ್ನಿಯರ್ ಹಿಡಿಯಿರಿ. ಒಳಗೆ 25.4, ಹೊರಗೆ 57.15, ದಪ್ಪ 15.88 ಬಂದರೆ ಅದು ಆರ್‌ಎಲ್‌ಎಸ್-8 ನಂಬರಿನ ಇಂಚಿನ ಬೇರಿಂಗ್. ಒಂದಿಂಚು, ಎರಡೂಕಾಲಿಂಚು, ಐದು ನೂಲು (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ) ಅಂತ ನಿಮ್ಮ ತಂದೆಯವರು ಬಾಯಲ್ಲೇ ಹೇಳಿಬಿಡುತ್ತಾರೆ. ಈ ಬೇರಿಂಗ್ ಇಂದಿಗೂ ತಯಾರಾಗುತ್ತದೆ. ಸಣ್ಣ ಅಂಗಡಿಯಲ್ಲಿ ಸ್ಟಾಕ್ ಇರಲಿಕ್ಕಿಲ್ಲ. ಮೈಸೂರಿನ ಅಥವಾ ಬೆಂಗಳೂರಿನ ದೊಡ್ಡ ಬೇರಿಂಗ್ ಡೀಲರ್ ಹತ್ತಿರ ನಂಬರ್ ಕೊಟ್ಟು ಆರ್ಡರ್ ಹಾಕಿದರೆ ತರಿಸಿಕೊಡುತ್ತಾರೆ. ಮಾಮೂಲಿ ಬೇರಿಂಗ್‌ಗಿಂತ ರೇಟು ಜಾಸ್ತಿ ಆಗುತ್ತೆ, ಕಾಯಬೇಕಾಗುತ್ತೆ. ಬಿಲ್ ಕೇಳಿ ತಗೊಳ್ಳಿ, ಬೇರಿಂಗ್‌ನಲ್ಲಿ ಡೂಪ್ಲಿಕೇಟ್ ಹಾವಳಿ ಬಹಳ.

ಇನ್ನು ಲೇತ್‌ನವರ 'ಶಾಫ್ಟ್ ಇಳಿಸುವ' ಮಾತು. ನಾನು ಅಪಾಯದ್ದು ಅಂದ ಎರಡರಲ್ಲಿ ಇದು ಒಂದು. ಇದನ್ನು ಸರಿಯಾಗಿ ಮಾಡುವ ದಾರಿಯೇ ಇಲ್ಲ ಅಂತಲ್ಲ. ಗ್ರೈಂಡಿಂಗ್ ಮಾಡಿ ಶಾಫ್ಟನ್ನು 25ಕ್ಕೆ ತರುವುದು, ಹೌಸಿಂಗ್‌ಗೆ ಒಂದು ಸ್ಲೀವ್ ಹಾಕಿ 52ಕ್ಕೆ ತರುವುದು ಆಗುವ ಕೆಲಸವೇ. ಆದರೆ ನೀವು ಹೇಳುತ್ತಿರುವುದು ಬ್ಲಾಕ್‌ನ ಶಾಫ್ಟ್. ನಿಮಿಷಕ್ಕೆ ನಾಲ್ಕು ಸಾವಿರಕ್ಕೂ ಮೀರಿ ಸುತ್ತುವ ವಸ್ತು. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ವರ್ಕ್‌ಶಾಪ್‌ನಲ್ಲಿ ಹೀಗೇ ಒಂದು ಬ್ಲಾಕ್ ಶಾಫ್ಟನ್ನು ಲೇತ್‌ನಲ್ಲಿ ಇಳಿಸಿದರು. ಇಳಿಸಿದ ಜಾಗದ ಮೂಲೆಯನ್ನು ಚಾಕುವಿನ ಹಾಗೆ ಚೂಪಾಗಿ ಬಿಟ್ಟರು. ಅಲ್ಲೊಂದು ಸಣ್ಣ ದುಂಡು ಇರಬೇಕಿತ್ತು. ಕೆಲವು ತಿಂಗಳಲ್ಲಿ ಅದೇ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಬಂದು ಶಾಫ್ಟ್ ಮುರಿಯಿತು. ಮರ ಹಿಡಿದಿದ್ದವರು ಆ ಗಳಿಗೆಯಲ್ಲಿ ಪಕ್ಕಕ್ಕೆ ಸರಿದಿದ್ದರು, ಉಳಿದುಕೊಂಡರು. ಆ ಮುರಿದ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಕ್ಕಾಲು ಭಾಗ ಹಳೇದಾಗಿ ಕಪ್ಪಗಾಗಿತ್ತು, ಕಾಲು ಭಾಗ ಮಾತ್ರ ಹೊಸದಾಗಿ ಮುರಿದು ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ವಾರಗಟ್ಟಲೆ ಅದು ಕಾಲು ಭಾಗದ ಮೇಲೇ ಓಡಿತ್ತು. ಸರಿಯಾದ ಬೇರಿಂಗ್ ಸಿಗುವಾಗ ಒಳ್ಳೇ ಶಾಫ್ಟನ್ನು ಯಾಕೆ ಕೆಡಿಸಬೇಕು?

ಶಾಫ್ಟೇ ಸವೆದಿದ್ದರೆ ಮಾತು ಬೇರೆ. ಬೇರಿಂಗ್‌ನ ಒಳಗಿನ ರಿಂಗ್ ಶಾಫ್ಟ್ ಮೇಲೆ ಜಾರಿ ತಿರುಗಿ ಕನ್ನಡಿಯ ಹಾಗೆ ಹೊಳಪು ಬಂದಿದ್ದರೆ, ಆ ಜಾಗಕ್ಕೆ ಹಾರ್ಡ್ ಕ್ರೋಮ್ ಅಥವಾ ಮೆಟಲ್ ಸ್ಪ್ರೇ ಮಾಡಿಸಿ ಮತ್ತೆ 25.4ಕ್ಕೆ ಗ್ರೈಂಡ್ ಮಾಡಿಸಿ. ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದು ಬೇರಿಂಗ್ ಬಿಗಿ ಮಾಡುವುದನ್ನು ಎಷ್ಟೋ ಕಡೆ ನೋಡುತ್ತೇನೆ. ಮೋರಿ ನೀರೆತ್ತುವ ಪಂಪ್‌ಗೂ ಅದನ್ನು ಮಾಡಬಾರದು, ಬ್ಲಾಕ್‌ಗಂತೂ ಬೇಡವೇ ಬೇಡ. ಹೊಸ ಬೇರಿಂಗ್ ಹಾಕುವಾಗ ಸುತ್ತಿಗೆಯಲ್ಲಿ ಬಡಿಯಬೇಡಿ. ಸೀಲ್ ಇಲ್ಲದ ಬೇರಿಂಗ್ ಆದರೆ ಎಣ್ಣೆಯಲ್ಲಿ 80-90 ಡಿಗ್ರಿಗೆ ಬಿಸಿ ಮಾಡಿ, ತಾನಾಗಿ ಜಾರಿ ಕೂರುತ್ತೆ. ಗ್ಯಾಸ್ ಬೆಂಕಿ ನೇರ ತೋರಿಸಬೇಡಿ. ಎರಡೂ ಕಡೆಯ ಬೇರಿಂಗ್ ಒಟ್ಟಿಗೆ ಬದಲಾಯಿಸಿ.

ಬೋಲ್ಟ್‌ಗಳಲ್ಲೂ ಇದೇ ಕಥೆ. ಹಳೇ ಮಷಿನ್‌ಗಳಲ್ಲಿ ಇರುವುದು ವಿಟ್ವರ್ತ್ ಮರೆ (ಮರೆ ಅಂದರೆ ಬೋಲ್ಟ್‌ನ ಥ್ರೆಡ್). ಜೋಸೆಫ್ ವಿಟ್ವರ್ತ್ 1841ರಲ್ಲಿ ಹಾಕಿಕೊಟ್ಟ ಲೆಕ್ಕ, ಮರೆಯ ಕೋನ 55 ಡಿಗ್ರಿ. ಮೆಟ್ರಿಕ್‌ನಲ್ಲಿ 60. ಎರಡೂವರೆ ನೂಲಿನ ಬೋಲ್ಟ್ ಅಂದರೆ 7.94 ಮಿ.ಮೀ. ಕೈಯಲ್ಲಿ ಹಿಡಿದರೆ 8 ಮಿ.ಮೀ. ಬೋಲ್ಟ್‌ಗೂ ಅದಕ್ಕೂ ವ್ಯತ್ಯಾಸ ಗೊತ್ತೇ ಆಗಲ್ಲ. ಆದರೆ ಮೊದಲನೆಯದರಲ್ಲಿ ಒಂದು ಮರೆಯಿಂದ ಇನ್ನೊಂದಕ್ಕೆ 1.41, ಎರಡನೆಯದರಲ್ಲಿ 1.25. ಎರಡು ಸುತ್ತು ಕೈಯಲ್ಲೇ ಹೋಗುತ್ತೆ, ಮೂರನೆಯದಕ್ಕೆ ಬಿಗಿ ಆಗುತ್ತೆ. 'ತುಕ್ಕಿರಬೇಕು' ಅಂತ ಸ್ಪ್ಯಾನರ್ ಹಾಕಿ ತಿರುಗಿಸಿದಿರೋ, ಬೀಡಿನೊಳಗಿನ ಮರೆ ಪುಡಿಯಾಗಿ ಉದುರುತ್ತೆ. ಮಷಿನ್‌ನಿಂದ ಬಿಚ್ಚಿದ ಪ್ರತಿ ಬೋಲ್ಟನ್ನೂ ಅದರದೇ ತೂತಿನ ಹೆಸರು ಬರೆದ ಡಬ್ಬಿಯಲ್ಲಿ ಇಡಿ. ಮರೆಗಳ ಅಂತರ ನೋಡುವ ಒಂದು ಪಿಚ್ ಗೇಜ್ ಕೊಂಡುಕೊಳ್ಳಿ, ದುಬಾರಿಯಲ್ಲ.

ಈಗ ಗೇರ್‌ಗೆ ಬರೋಣ. ನಿಮ್ಮ ದೊಡ್ಡ ಚಿಂತೆ ಇದೇ ಅಲ್ವಾ?

ಗೇರ್ ಮಾಡಿಸುವ ಮುಂಚೆ ಹಲ್ಲು ಯಾಕೆ ಮುರಿಯಿತು ಅಂತ ನೋಡಲೇಬೇಕು. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತೆ. ಮುರಿದ ಹಲ್ಲಿನ ಅಕ್ಕಪಕ್ಕದ ಹಲ್ಲುಗಳ ಬುಡವನ್ನು ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಕೆರೆದು ನೋಡಿ. ಕಪ್ಪಗೆ, ಗಟ್ಟಿಯಾಗಿ, ಕೊಪ್ಪರಿಗೆಯ ತಳ ಹಿಡಿದ ಬೆಲ್ಲದ ಪಾಕದ ಹಾಗೆ ಏನಾದರೂ ಚಕ್ಕೆ ಚಕ್ಕೆಯಾಗಿ ಏಳುತ್ತಾ? ಅದು ಗ್ರೀಸ್ ಮತ್ತು ಮರದ ಹೊಟ್ಟು ಸೇರಿ ಕಟ್ಟಿದ ಗಾರೆ. ತೆರೆದ ಗೇರ್‌ಗೆ ನಾವು ಪ್ರೀತಿಯಿಂದ ಗ್ರೀಸ್ ಮೆತ್ತುತ್ತೇವೆ. ಹೊಟ್ಟು ಅದಕ್ಕೆ ಅಂಟುತ್ತೆ, ಪ್ರತಿ ಸುತ್ತಿಗೂ ಹಲ್ಲಿನ ಬುಡಕ್ಕೆ ಒತ್ತಿಕೊಳ್ಳುತ್ತೆ. ಕೊನೆಗೆ ಎದುರು ಗೇರ್‌ನ ಹಲ್ಲಿಗೆ ಒಳಗೆ ಇಳಿಯಲು ಜಾಗವೇ ಇರಲ್ಲ. ಎರಡೂ ಗೇರ್ ಒಂದನ್ನೊಂದು ತಳ್ಳಿಕೊಳ್ಳುತ್ತವೆ. ಬೀಡು ಬಗ್ಗುವ ಜಾತಿಯಲ್ಲ, ಚಟ್ ಅಂತ ಹಾರುತ್ತೆ. ನನ್ನ ಕೈಗೆ ಬಂದ ಮುರಿದ ಫೀಡ್ ಗೇರ್‌ಗಳಲ್ಲಿ (ಮರ ಎಳೆಯುವ ಗೇರ್‌ಗಳಲ್ಲಿ) ಅರ್ಧಕ್ಕರ್ಧ ಹೀಗೆ ಮುರಿದವೇ. ಮಿಕ್ಕಿದ್ದು ಮೊಂಡು ಬ್ಲೇಡ್‌ನಲ್ಲಿ ಒಂದೇ ಸಲಕ್ಕೆ ದಪ್ಪ ಪದರ ತೆಗೆಯಲು ಹೋಗಿ ಆದದ್ದು, ಇಲ್ಲ ಗಂಟಿರುವ ಹಲಸು, ಬೇವಿನಂಥ ಮರ ಸಿಕ್ಕಿಕೊಂಡಾಗ ಬಲವಂತ ಮಾಡಿದ್ದು. ತೆರೆದ ಗೇರ್‌ಗೆ ಇನ್ನು ಮೇಲೆ ಗ್ರೀಸ್ ಬೇಡ. ಗ್ರಾಫೈಟ್ ಪುಡಿ ಸಾಕು. ವಾರಕ್ಕೊಮ್ಮೆ ಒಣ ಬ್ರಷ್‌ನಲ್ಲಿ ಗುಡಿಸಿ.

ವೆಲ್ಡಿಂಗ್‌ನಲ್ಲಿ ಹಲ್ಲು ತುಂಬಿಸುವ ಬಗ್ಗೆ ಎರಡು ಮಾತು. 'ಬೀಡಿಗೆ ವೆಲ್ಡಿಂಗ್ ಹಿಡಿಯಲ್ಲ' ಅನ್ನುವುದು ಪೂರ್ತಿ ನಿಜವಲ್ಲ. ಬೀಡಿನಲ್ಲಿ ಕಾರ್ಬನ್ ಜಾಸ್ತಿ, ಸುಮಾರು 3 ಪರ್ಸೆಂಟ್. ಮಾಮೂಲಿ ರಾಡ್‌ನಲ್ಲಿ ಸುಟ್ಟರೆ ಸುಟ್ಟ ಅಂಚು ಗಾಜಿನ ಹಾಗೆ ಗಡುಸಾಗಿ ಬಿರುಕು ಬಿಡುತ್ತೆ. ನಿಕ್ಕಲ್ ರಾಡ್ ಬಳಸಿ, ಮೊದಲೇ ಕಾಯಿಸಿ, ಆಮೇಲೆ ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಿದರೆ ಹಿಡಿಯುತ್ತೆ. ಗ್ಯಾಸ್‌ನಲ್ಲಿ ಹಿತ್ತಾಳೆ ತುಂಬುವುದು ಇನ್ನೂ ಸುರಕ್ಷಿತ. ನಿಧಾನ ಸುತ್ತುವ ಫೀಡ್ ಗೇರ್‌ಗೆ ಹಳಬರು ಮಾಡುತ್ತಿದ್ದ ಕ್ರಮ ಒಂದಿದೆ. ಹಲ್ಲು ಹೋದ ಜಾಗದಲ್ಲಿ ಸಾಲಾಗಿ ಮೂರು ಸ್ಟಡ್ ಕೂರಿಸಿ, ಸುತ್ತ ಹಿತ್ತಾಳೆ ತುಂಬಿ, ಅರದಲ್ಲಿ ಹಲ್ಲಿನ ಆಕಾರ ತೆಗೆಯುವುದು. ಅಕ್ಕಪಕ್ಕದ ಎರಡು ಹಲ್ಲು ಹೋದಾಗ ಅರದಲ್ಲಿ ಆಕಾರ ಹಿಡಿಯುವುದು ಕಷ್ಟ. ಕೈಯಲ್ಲಿ ಕೆಲಸ ಒಪ್ಪಿಕೊಂಡಿದ್ದೀರಿ, ಹೊಸ ಗೇರ್ ಬರುವವರೆಗೆ ಓಡಬೇಕು ಅಂದರೆ ಮಾಡಿಸಿ. ಅದನ್ನೇ ನಂಬಿ ವರ್ಷ ಕಳೆಯಬೇಡಿ.

ಹೊಸ ಗೇರ್ ಮಾಡಿಸಲು ನಿಮಗೆ ಬೇಕಾದದ್ದು ಮೊದಲು ಎರಡು ಸಂಖ್ಯೆ. ಹಲ್ಲೆಷ್ಟು, ಹೊರಗಿನ ವ್ಯಾಸವೆಷ್ಟು. ಸೀಮೆಸುಣ್ಣದಲ್ಲಿ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿ. ಮುರಿದ ಎರಡನ್ನೂ ಲೆಕ್ಕಕ್ಕೆ ಸೇರಿಸುವುದು ಮರೆಯಬೇಡಿ. 40 ಹಲ್ಲು ಬಂತು ಅಂತಿಟ್ಟುಕೊಳ್ಳಿ. ಹಲ್ಲಿನ ತುದಿಯಿಂದ ಎದುರು ಹಲ್ಲಿನ ತುದಿಗೆ ವರ್ನಿಯರ್ ಹಿಡಿದರೆ 133.3 ಮಿ.ಮೀ., ಅಂದರೆ ಐದೂಕಾಲು ಇಂಚು. ಹಲ್ಲಿನ ಸಂಖ್ಯೆಗೆ ಎರಡು ಸೇರಿಸಿ 42. ಅದನ್ನು ಐದೂಕಾಲರಿಂದ ಭಾಗಿಸಿದರೆ ಸರಿಯಾಗಿ 8. ಇದು 8 ಡಿಪಿ ಗೇರ್. ಡಿಪಿ ಅಂದರೆ ಇಂಚಿನ ಲೆಕ್ಕದಲ್ಲಿ ಹಲ್ಲಿನ ಗಾತ್ರ. ಅದೇ 133.3 ಅನ್ನು 42ರಿಂದ ಭಾಗಿಸಿದರೆ 3.17 ಬರುತ್ತೆ. ಇಲ್ಲೇ ಎಡವುವುದು. ಗೇರ್ ಕಟ್ಟಿಂಗ್‌ನವರು 'ಹೋ, 3 ಮಾಡ್ಯೂಲ್' (ಮಾಡ್ಯೂಲ್ ಅಂದರೆ ಮಿ.ಮೀ. ಲೆಕ್ಕದ ಹಲ್ಲಿನ ಗಾತ್ರ) ಅಂತ ಬರೆದುಕೊಂಡರೆ ಕೆಟ್ಟಿತು. 3 ಮಾಡ್ಯೂಲ್‌ನಲ್ಲಿ 40 ಹಲ್ಲಿನ ಗೇರ್ 126 ಮಿ.ಮೀ. ಮಾತ್ರ ಬರುತ್ತೆ. ಹಾಕಿದರೆ ತುದಿ ತುದಿ ಮಾತ್ರ ಕಚ್ಚುತ್ತೆ, ಒಂದು ಮಧ್ಯಾಹ್ನಕ್ಕೆ ಎದುರು ಗೇರ್ ಕೂಡ ಹೋಗುತ್ತೆ. ಭಾಗಾಕಾರ ಮಾಡಿದಾಗ ಯಾವ ಲೆಕ್ಕದಲ್ಲಿ ಪೂರ್ಣ ಸಂಖ್ಯೆ, ಇಲ್ಲ ಎರಡೂವರೆಯಂಥ ಅರ್ಧ ಬರುತ್ತೋ ಅದೇ ನಿಮ್ಮ ಗೇರ್‌ನ ಜಾತಿ. ಸವೆದ ಗೇರ್‌ನಲ್ಲಿ ಅಳತೆ ಸ್ವಲ್ಪ ಕಮ್ಮಿ ಬರುತ್ತೆ, ಅದನ್ನೂ ಗಮನದಲ್ಲಿಡಿ.

ಇನ್ನೊಂದು ವಿಷಯ, ಹಲ್ಲಿನ ಕೋನ. ಹಳೇ ಗೇರ್‌ಗಳು ಸಾಮಾನ್ಯವಾಗಿ ಹದಿನಾಲ್ಕೂವರೆ ಡಿಗ್ರಿ, ಈಗಿನವು 20. ಇದನ್ನು ಕಣ್ಣಲ್ಲಿ ಹೇಳುವುದು ಕಷ್ಟ. ಆದ್ದರಿಂದ ಮುರಿದ ಗೇರ್ ಜೊತೆಗೆ ಅದು ಕಚ್ಚುವ ಎದುರು ಗೇರನ್ನೂ ತಗೊಂಡು ಹೋಗಿ. ಮಿಲ್ಲಿಂಗ್ ಮಷಿನ್‌ನಲ್ಲಿ 40 ಹಲ್ಲಿನ ಡಿಪಿ ಗೇರ್ ಕತ್ತರಿಸಲು 3ನೇ ನಂಬರಿನ ಕಟ್ಟರ್ ಬೇಕು, 35ರಿಂದ 54 ಹಲ್ಲಿನವರೆಗೆ ಅದೇ ಆಗುತ್ತೆ. 'ನಿಮ್ಮ ಹತ್ತಿರ ಡಿಪಿ ಕಟ್ಟರ್ ಇದೆಯಾ' ಅಂತ ಮೊದಲೇ ಫೋನಿನಲ್ಲಿ ಕೇಳಿ. ಇಲ್ಲ ಅಂದರೆ ಅಲ್ಲಿಗೆ ಹೋಗುವ ಬಸ್ ಚಾರ್ಜ್ ಉಳಿಯಿತು. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಪೀಣ್ಯದಲ್ಲಿ ಆಗುತ್ತೆ.

ಯಾವ ಲೋಹದಲ್ಲಿ ಮಾಡಿಸಬೇಕು? ಎಲ್ಲರೂ 'ಸ್ಟೀಲ್‌ನಲ್ಲಿ ಮಾಡಿಸಿ, ಜನ್ಮಕ್ಕೆ ಮುರಿಯಲ್ಲ' ಅಂತಾರೆ. ನನ್ನ ಅಭಿಪ್ರಾಯ ಬೇರೆ. ಆ ಬೀಡಿನ ಗೇರ್ ಆ ಮಷಿನ್‌ಗೆ ಒಂದು ಫ್ಯೂಸ್ ಇದ್ದ ಹಾಗೆ. ಮರ ಸಿಕ್ಕಿಕೊಂಡಾಗ ಅದು ಮುರಿದು ಮಿಕ್ಕಿದ್ದನ್ನು ಉಳಿಸುತ್ತೆ. ಅದನ್ನು ಉಕ್ಕಿನದು ಮಾಡಿದರೆ ಮುಂದಿನ ಸಲ ಮುರಿಯುವುದು ಎದುರಿನ ಗೇರ್, ಇಲ್ಲ ರೋಲರ್ ಶಾಫ್ಟ್, ಇಲ್ಲ ಬ್ರಾಕೆಟ್. ಅವು ಮುರಿದರೆ ಖರ್ಚು ಇನ್ನೂ ಜಾಸ್ತಿ. ಬೀಡಿನಲ್ಲೇ ಮಾಡಿಸಿ, ಅಥವಾ ನೈಲಾನ್‌ನಲ್ಲಿ. ನೈಲಾನ್ ಗೇರ್ ಸದ್ದು ಮಾಡಲ್ಲ, ಎದುರು ಗೇರನ್ನು ಸವೆಸಲ್ಲ. ಗೇರನ್ನು ಶಾಫ್ಟ್‌ಗೆ ಹಿಡಿದಿಡುವ ಕೀ ಕೂರುವ ಸೀಳಿನ (ಕೀವೇ) ಜಾಗದಲ್ಲಿ ಮಾತ್ರ ಬೇಗ ಸಡಿಲ ಆಗುತ್ತೆ, ಆದ್ದರಿಂದ ಒಳಗೊಂದು ಲೋಹದ ಬುಷ್ ಹಾಕಿಸಿ. ನಿಮ್ಮ ಮಷಿನ್‌ಗೆ ಬೀಡೇ ಸಿಕ್ಕರೆ ನಾನು ಬೀಡನ್ನೇ ಆರಿಸುತ್ತೇನೆ.

ಮಂಡ್ಯ ಜಿಲ್ಲೆಯವರು ಸ್ಪೇರ್ ಸಿಗಲ್ಲ ಅಂತ ಬೇಸರ ಮಾಡಿಕೊಂಡಾಗ ನನಗೆ ಒಂದು ಮಾತು ಹೇಳಬೇಕು ಅನ್ನಿಸುತ್ತೆ. ನಿಮ್ಮ ಸುತ್ತ ಇರುವ ಆಲೆಮನೆಗಳನ್ನು ನೋಡಿ. ಗಾಣದ ಗೇರ್ ಮುರಿದರೆ, ಗನ್‌ಮೆಟಲ್ ಬುಷ್ ಸವೆದರೆ ಆಲೆಮನೆಯವರು ಕಂಪನಿಗೆ ಕಾಗದ ಬರೆದುಕೊಂಡು ಕೂರುತ್ತಾರಾ? ಕಬ್ಬು ಕಡಿದು ಹಾಕಿರುತ್ತಾರೆ, ಎರಡು ದಿನದಲ್ಲಿ ಗಾಣ ತಿರುಗಬೇಕು. ಆ ಕೆಲಸ ಮಾಡಿಕೊಡುವ ಲೇತ್‌ನವರು, ಎರಕದವರು ಯಾರು ಅಂತ ನಿಮ್ಮೂರಿನ ಆಲೆಮನೆಯಲ್ಲಿ ಕೇಳಿ. ನಿಮ್ಮ ಪ್ಲೇನಿಂಗ್ ಮಷಿನ್‌ನ ಬುಷ್ ಅವರಿಗೆ ದೊಡ್ಡ ಕೆಲಸವಲ್ಲ. ಚಪ್ಪಟೆ ಬೆಲ್ಟ್ ಬೇಕಾದರೆ ಅಕ್ಕಿ ಗಿರಣಿ, ಹಿಟ್ಟಿನ ಗಿರಣಿಯವರನ್ನು ಕೇಳಿ. ವಿ-ಬೆಲ್ಟ್ ಆದರೆ ಚಿಂತೆಯೇ ಇಲ್ಲ. ಬಿ-52 ಅಂತಿದ್ದರೆ ಬಿ ಸೆಕ್ಷನ್, ಒಳಸುತ್ತಳತೆ 52 ಇಂಚು, ಅಷ್ಟೇ.

ಹ್ಯಾಂಡಲ್, ಬ್ರಾಕೆಟ್, ಕೈಚಕ್ರದಂಥ ಬೀಡಿನ ಭಾಗ ಮುಂದೆ ಮುರಿದರೆ ಮರಗೆಲಸದವರಾದ ನಿಮಗೆ ಬೇರೆ ಯಾರಿಗೂ ಇಲ್ಲದ ಅನುಕೂಲ ಇದೆ. ಫೌಂಡ್ರಿಯಲ್ಲಿ ಜಾಸ್ತಿ ದುಡ್ಡು ಹೋಗುವುದು ಅಚ್ಚಿಗೆ. ಅಚ್ಚು ಮಾಡುವುದು ಮರದಲ್ಲಿ. ಅದನ್ನು ನೀವೇ ಮಾಡಬಹುದು. ಬೀಡು ಆರುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತೆ. 300 ಮಿ.ಮೀ. ಬೇಕಾದರೆ ಅಚ್ಚು 303 ಇರಲಿ. ಲೇತ್‌ನಲ್ಲಿ ಕತ್ತರಿಸುವ ಮುಖಕ್ಕೆ ಇನ್ನೂ 3 ಮಿ.ಮೀ. ಬಿಡಿ. ಮರಳಿನಿಂದ ಸಲೀಸಾಗಿ ಎದ್ದು ಬರಲು ಪಕ್ಕಗಳಿಗೆ ಸ್ವಲ್ಪ ಇಳಿಜಾರು ಕೊಡಿ, ಒಳಮೂಲೆಗಳನ್ನು ದುಂಡು ಮಾಡಿ. ಮುರಿದ ಭಾಗವನ್ನೇ ಅಂಟಿಸಿ ಅಚ್ಚಾಗಿ ಕೊಡುವುದುಂಟು, ಆದರೆ ಕುಗ್ಗಿ ಚಿಕ್ಕದಾಗಿ ಬರುತ್ತೆ. ಕೈಚಕ್ರಕ್ಕೆ ನಡೆಯುತ್ತೆ, ಅಳತೆ ಕೂರಬೇಕಾದ ಭಾಗಕ್ಕೆ ನಡೆಯಲ್ಲ. ಹಿಂದೊಮ್ಮೆ ಸಾಗುವಾನಿಯಲ್ಲಿ ಮಾಡಿದ ಬ್ಯಾಂಡ್‌ಸಾ ಬ್ರಾಕೆಟ್‌ನ ಅಚ್ಚೊಂದನ್ನು ಒಬ್ಬ ಆಚಾರ್ರು ನನ್ನ ಕೈಗೆ ಕೊಟ್ಟರು. ಎಲ್ಲೂ ಒಂದು ಗೀರಿಲ್ಲ, ಮೇಣ ತಿಕ್ಕಿ ಹೊಳೆಯುತ್ತಿತ್ತು. ಅದನ್ನು ಮರಳಿಗೆ ಹಾಕಲು ಫೌಂಡ್ರಿಯವರಿಗೇ ಮನಸ್ಸು ಬರಲಿಲ್ಲ.

ಈಗ ಮೋಟರ್. ಹಳೇದು ಅನ್ನುವ ಒಂದೇ ಕಾರಣಕ್ಕೆ ಬದಲಾಯಿಸಬೇಡಿ. ವೈಂಡಿಂಗ್ ಸುಟ್ಟರೆ ರೀವೈಂಡ್ ಮಾಡಿಸಬಹುದು, ಬೇರಿಂಗ್ ಹೋದರೆ ಬೇರಿಂಗ್ ಹಾಕಿಸಬಹುದು. ಹೊಸ ಮೋಟರ್ ಹಾಕಿದರೆ ಕಾಲಿನ ತೂತು, ಶಾಫ್ಟ್‌ನ ಎತ್ತರ ಎರಡೂ ಬದಲಾಗಿ ಬೇಸ್ ಹೊಸದಾಗಿ ಮಾಡಬೇಕಾಗುತ್ತೆ. 2880ರ ಮೋಟರ್ ಹಾಕುವ ಸಲಹೆಯನ್ನಂತೂ ಮರೆತುಬಿಡಿ, ಅಪಾಯದ್ದು ಅಂದ ಎರಡನೆಯದು ಇದೇ. ಲೆಕ್ಕ ನೋಡಿ. ಈಗ 1440ರ ಮೋಟರ್ ಇದ್ದು, ಅದಕ್ಕೆ 6 ಇಂಚಿನ ಪುಲ್ಲಿ, ಬ್ಲಾಕ್‌ಗೆ 2 ಇಂಚಿನದು ಇದ್ದರೆ ಬ್ಲಾಕ್ 4320 ಸುತ್ತು ತಿರುಗುತ್ತೆ. ಅದೇ ಪುಲ್ಲಿಗಳ ಮೇಲೆ 2880ರ ಮೋಟರ್ ಕೂರಿಸಿದರೆ 8640. ವೇಗ ಎರಡರಷ್ಟಾದರೆ ಬ್ಲೇಡನ್ನು ಹೊರಕ್ಕೆ ಎಸೆಯುವ ಬಲ ನಾಲ್ಕರಷ್ಟಾಗುತ್ತೆ. ನಲವತ್ತು ವರ್ಷದ ಹಿಂದಿನ ಬ್ಲಾಕ್ ಅದನ್ನು ತಡೆಯಲು ಹುಟ್ಟಿದ್ದಲ್ಲ. ಹಳೇ ಕಬ್ಬಿಣ ಗಟ್ಟಿ, ಏನೂ ಆಗಲ್ಲ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಮೈ ಗಟ್ಟಿ ಇರಬಹುದು, ಒಪ್ಪುತ್ತೇನೆ. ಬ್ಲೇಡ್ ಹಿಡಿದಿರುವ ಬೋಲ್ಟ್ ಎಷ್ಟು ಸಲ ಬಿಗಿಸಿಕೊಂಡಿದೆ ಅಂತ ಯಾರಿಗೂ ಗೊತ್ತಿರಲ್ಲ. ಫಿನಿಶಿಂಗ್ ಬೇಕಾದರೆ ಬ್ಲೇಡ್ ಸಾಣೆ ಹಿಡಿಸಿ, ಎಲ್ಲ ಬ್ಲೇಡನ್ನೂ ಒಂದೇ ಎತ್ತರಕ್ಕೆ ಕೂರಿಸಿ.

ಬ್ಲಾಕ್ ವಿಷಯದಲ್ಲಿ ಜುಗಾಡ್ ಬೇಡ. ಇದನ್ನು ಕೈಮುಗಿದು ಹೇಳುತ್ತೇನೆ. ಹೊಸ ಬೇರಿಂಗ್ ಹಾಕುವ ಮುಂಚೆ ಬ್ಲಾಕನ್ನು ಪೂರ್ತಿ ಹೊರಗೆ ತೆಗೆಯಿರಿ. ಅದರ ಮುಖ ನೋಡಿ, ದುಂಡಗಿದೆಯೋ ಚೌಕವಾಗಿದೆಯೋ? ಚೌಕ ಬ್ಲಾಕ್ ಆಗಿದ್ದರೆ ಅದನ್ನು ಸರ್ಫೇಸ್ ಕೆಲಸಕ್ಕೆ ಮತ್ತೆ ಹಾಕಬೇಡಿ. ಟೇಬಲ್ ಮತ್ತು ಬ್ಲಾಕ್ ನಡುವೆ ಅಗಲ ಸಂದು ಬಿಡುತ್ತೆ, ಬೆರಳು ಜಾರಿದರೆ ಸೀಳುವುದಲ್ಲ, ಒಳಕ್ಕೆ ಎಳೆದುಕೊಳ್ಳುತ್ತೆ. ಕೈಯಲ್ಲಿ ತಳ್ಳುವ ಪ್ಲೇನಿಂಗ್ ಮಷಿನ್‌ಗೆ ದುಂಡು ಬ್ಲಾಕೇ ಇರಬೇಕು ಅಂತ ಇಂಗ್ಲೆಂಡಿನಲ್ಲಿ 1922ರಲ್ಲೇ ನಿಯಮ ಮಾಡಿದರು. ನಮ್ಮಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಚೌಕ ಬ್ಲಾಕ್ ಓಡುತ್ತಿವೆ. ಆ ಶೆಡ್‌ಗಳಲ್ಲಿ ಬೆರಳಿಲ್ಲದ ಕೈಗಳನ್ನೂ ನೋಡಿದ್ದೇನೆ.

ದುಂಡಗಿದ್ದರೆ ಬಿರುಕು ಪರೀಕ್ಷೆ ಮಾಡಿ. ಸೀಮೆಎಣ್ಣೆಯಲ್ಲಿ ಚೆನ್ನಾಗಿ ನೆನೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದು ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಒಳಗಿಂದ ಎಣ್ಣೆ ಜಿನುಗಿ ಬಿಳಿ ಪುಡಿ ಮೇಲೆ ಗೆರೆ ಮೂಡುತ್ತೆ. ಬೋಲ್ಟ್ ತೂತಿನ ಸುತ್ತ, ಶಾಫ್ಟ್ ಶುರುವಾಗುವ ಮೂಲೆ, ಇವನ್ನು ವಿಶೇಷವಾಗಿ ನೋಡಿ. ಗೆರೆ ಕಂಡರೆ ವೆಲ್ಡಿಂಗ್ ಮಾಡಿಸಬೇಡಿ, ಹೊಸ ಬ್ಲಾಕ್ ಮಾಡಿಸಿ ಬ್ಯಾಲೆನ್ಸಿಂಗ್ ಮಾಡಿಸಿ. ಬ್ಲೇಡ್ ಬಿಗಿಸುವ ಬೋಲ್ಟುಗಳು ಹೊಸವೇ ಇರಲಿ, ಹೈ ಟೆನ್ಸೈಲ್ ಇರಲಿ, ಅದೇ ಮರೆಯವು ಇರಲಿ. ಬ್ಲೇಡ್‌ಗಳ ತೂಕ ಒಂದೇ ಇರಬೇಕು. ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಜಾಸ್ತಿ ಇದ್ದದ್ದನ್ನು ಹಿಂಬದಿಯಿಂದ ಉಜ್ಜಿ ಸರಿ ಮಾಡಿ.

ಗುಜರಿಗೆ ಹಾಕುವ ಮಾತೇ ಬೇಡ ಅಂತ ನಾನು ಹೇಳಲ್ಲ. ಮುಖ್ಯ ಮೈ ಸೀಳಿದ್ದರೆ, ಬೇರಿಂಗ್ ಕೂರುವ ಹೌಸಿಂಗ್ ಬಿರಿದಿದ್ದರೆ, ಟೇಬಲ್ ಜಾರುವ ಹಾದಿ ಸವೆದು ಟೇಬಲ್ ಅಲ್ಲಾಡುತ್ತಿದ್ದರೆ, ರಿಪೇರಿ ಖರ್ಚು ಹೊಸ ಮಷಿನ್ ಹತ್ತಿರಕ್ಕೆ ಹೋಗುತ್ತೆ. ಆಗ ಬಿಡುವುದೇ ಸರಿ. ಇಷ್ಟು ದಿನ ಓಡಿದ್ದು ಗೇರ್ ಮುರಿದು ನಿಂತದ್ದು ನೋಡಿದರೆ ನಿಮ್ಮದು ಆ ಸ್ಥಿತಿಯಲ್ಲಿ ಇರಲಿಕ್ಕಿಲ್ಲ. ಮುಚ್ಚಿದ ಸಾಮಿಲ್‌ಗಳಲ್ಲಿ, ಹರಾಜಿನಲ್ಲಿ ಇದೇ ಥರದ ಇನ್ನೊಂದು ಮಷಿನ್ ಕಡಿಮೆ ರೇಟಿಗೆ ಸಿಕ್ಕರೆ ತಂದು ಮೂಲೆಯಲ್ಲಿಡಿ. ಹುಣಸೂರು, ಪಿರಿಯಾಪಟ್ಟಣ ಕಡೆ ಕಿವಿ ಹಾಕಿರಿ. ಅರ ಹಾಕಿ ಕೂರಿಸಬೇಕಾದರೂ ಗೇರ್, ರೋಲರ್, ಸ್ಪ್ರಿಂಗ್ ಎಲ್ಲಕ್ಕೂ ಮಾದರಿ ಕೈಯಲ್ಲಿರುತ್ತೆ.

ಪ್ಲೇಟಿನ ಅಕ್ಷರ ಓದಲು ಎಮರಿ ಪೇಪರ್ ಹಾಕಬೇಡಿ, ಇರುವುದೂ ಹೋಗುತ್ತೆ. ಹತ್ತಿಯಲ್ಲಿ ಸೀಮೆಎಣ್ಣೆ ಅದ್ದಿ ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಲ್ಲಿ ಅಡ್ಡಡ್ಡ ಉಜ್ಜಿ. ನಮ್ಮ ಸ್ಪೇರ್‌ಗೆ ಅದು ಬೇಕೇ ಬೇಕು ಅಂತಿಲ್ಲ, ಆದರೆ ನಲವತ್ತು ವರ್ಷ ಅನ್ನ ಕೊಟ್ಟ ಮಷಿನ್‌ನ ಹೆಸರು ಮನೆಯಲ್ಲಿ ಇರಲಿ.

ಈ ವಾರ ಇಷ್ಟು ಮಾಡಿ. ಮೇನ್ ಸ್ವಿಚ್‌ನ ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಂಡು ಬ್ಲಾಕ್ ಬಿಚ್ಚಿ. ಗೇರ್‌ನ ಹಲ್ಲು, ವ್ಯಾಸ, ಬೇರಿಂಗ್‌ನ ಮೂರು ಅಳತೆ, ಎರಡು ಪುಲ್ಲಿಗಳ ಅಳತೆ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಎಣಿಸುವಾಗ ಅಪ್ಪಾಜಿಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಬೋಲ್ಟ್ ಯಾವಾಗ ಬದಲಾಯಿಸಿದ್ದು, ಯಾವ ಬುಷ್ ಯಾರ ಹತ್ತಿರ ಮಾಡಿಸಿದ್ದು ಅನ್ನುವುದು ಅವರ ತಲೆಯಲ್ಲಿ ಮಾತ್ರ ಇದೆ, ಅದನ್ನೂ ಬರೆದುಕೊಳ್ಳಿ. ಬ್ಲಾಕ್‌ನ ಎರಡು ತುದಿಯ ಫೋಟೊ ಜೊತೆಗೆ ಆ ಹಾಳೆಗಳನ್ನು ನನಗೆ ಕಳಿಸಿ, ಗೇರ್ ಕಟ್ಟಿಂಗ್‌ನವರಿಗೆ ಕೊಡುವ ಚೀಟಿಯನ್ನು ನಾನೇ ಬರೆದುಕೊಡುತ್ತೇನೆ. ಅಲ್ಲಿಯವರೆಗೆ ಸರ್ಫೇಸ್ ಕಡೆ ಆದರೂ ಓಡಿಸೋಣ ಅಂತ ಸ್ವಿಚ್ ಹಾಕಬೇಡಿ, ಆ ಬೇರಿಂಗ್ ಕಿರ್ ಅನ್ನುತ್ತಿದೆ.